ಆಗಲ್ಲ ಅಂದವಳ ಸೈಕಲ್ ಗಂಟೆ

ಕಥೆ ಹೇಳುವವರು ಓದಿಕೊಂಡವರಾಗಿರಬೇಕು. ನಾನು ಹದಿನೈದಕ್ಕೆ ಶಾಲೆ ಬಿಟ್ಟು ನಲವತ್ತೊಂದಕ್ಕೆ ಸಂಜೆ ತರಗತಿ ಸೇರಿದವಳು. ಅಂಥವಳು ಪ್ರೇಮಕಥೆ ಹೇಳಲು ಕೂತದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇದನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಿದ್ದೇನೆ. ಆದರೆ ಋಣವೊಂದು ಮನಸ್ಸಿನಲ್ಲೇ ಉಳಿದರೆ ನಿದ್ದೆ ಚೆನ್ನಾಗಿ ಬರುವುದಿಲ್ಲ.

ಆಗ ನಾನು ಮ್ಯೂರಿಯಲ್ ರೆಲ್ಫ್. ಸ್ಕೆಲ್‌ಬೆಕ್ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡುತ್ತಿದ್ದೆ. ದಿನವೂ ಬೆಳಿಗ್ಗೆ ಎಂಟಕ್ಕೆ ಸೈಕಲ್ಲಿನಲ್ಲಿ ರೈಲ್ವೆ ಗೇಟಿಗೆ ಬರುತ್ತಿದ್ದೆ. ದಿನವೂ ಗೇಟು ಹಾಕಿರುತ್ತಿತ್ತು. ಅದಕ್ಕೆ ಎಂದೂ ಬೇಸರವಾಗಲಿಲ್ಲ.

ಗೇಟಿನ ಪಕ್ಕದ ಸಿಗ್ನಲ್ ಬಾಕ್ಸಿನಲ್ಲಿ, ಅಂದರೆ ಸಿಗ್ನಲ್ಲು ಗೇಟುಗಳನ್ನು ನಡೆಸುವ ಮಹಡಿಯ ಕೋಣೆಯಲ್ಲಿ, ಎಡ್ಗರ್ ಮೌನ್ಸಿ ಇರುತ್ತಿದ್ದರು. ಕಬ್ಬಿಣದ ಹಿಡಿಕೆಗಳನ್ನು ಬರಿಗೈಯಲ್ಲಿ ಮುಟ್ಟಿದರೆ ತುಕ್ಕು ಹಿಡಿಯುತ್ತದೆಂದು ಹಳದಿ ಬಟ್ಟೆಯಲ್ಲಿ ಹಿಡಿದು ಎಳೆಯುತ್ತಿದ್ದರು. ಕಿಟಕಿಯ ಗಾಜಿನಾಚೆ ಆ ಹಳದಿ ಬಟ್ಟೆ ಕಂಡರೆ ಸಾಕು, ನಾನು ಸುಮ್ಮನೆ ಸ್ಕಾರ್ಫ್ ಸರಿಮಾಡಿಕೊಳ್ಳುತ್ತಿದ್ದೆ. ಅವರು ನೋಡುತ್ತಿದ್ದರು. ನಾನು ನೋಡಿದ ಕೂಡಲೇ ಗಡಿಯಾರ ನೋಡುತ್ತಿದ್ದರು.

ಒಂದು ದಿನ ಒಳಗಿನಿಂದ ಗಂಟೆಯ ಸದ್ದು ಕೇಳಿಸಿತು. ಮೂರು ಪೆಟ್ಟು, ಸ್ವಲ್ಪ ಬಿಟ್ಟು ಒಂದು.

“ಅದೇನು, ಮಿಸ್ಟರ್ ಮೌನ್ಸಿ?”

“ಪಕ್ಕದ ಬಾಕ್ಸಿನವರು ಕೇಳ್ತಿದ್ದಾರೆ, ಗಾಡಿ ಕಳಿಸ್ಲಾ ಅಂತ. ನಾನೂ ಹಾಗೇ ಹೊಡೆದ್ರೆ ‘ಕಳಿಸಿ’ ಅಂತ ಅರ್ಥ.”

“ಹೊಡೀದಿದ್ರೆ?”

“ಕಳಿಸಕೂಡದು. ಅಷ್ಟೇ.”

ಆ ‘ಅಷ್ಟೇ’ಯನ್ನು ನಾನು ಗಮನಿಸಬೇಕಿತ್ತು.

ಮೇ ತಿಂಗಳಲ್ಲಿ ಅವರು ಮೆಟ್ಟಿಲಿಳಿದು ಬಂದರು. ಟೋಪಿ ಕೈಯಲ್ಲಿತ್ತು. “ಮಿಸ್ ರೆಲ್ಫ್, ಭಾನುವಾರ ಚಾಪೆಲ್‌ನಲ್ಲಿ ಚಹಾಕೂಟ. ನನ್ನ ಜೊತೆ ಬರ್ತೀರಾ?”

“ಅಯ್ಯೋ, ನನಗೆಲ್ಲಿ ಆಗುತ್ತೆ!” ಎಂದೆ.

ನಮ್ಮ ಮನೆಯಲ್ಲಿ ಹಾಗೆ. ಮೊದಲ ಸಲ ಕೇಳಿದ್ದನ್ನು ಯಾರೂ ಒಪ್ಪುವುದಿಲ್ಲ. ನೆಂಟರ ಮನೆಯಲ್ಲಿ ಕೇಕಿನ ತಟ್ಟೆಗೆ ಕೈ ಚಾಚಿದ್ದಕ್ಕೆ ಅಮ್ಮ ಮೇಜಿನ ಕೆಳಗೆ ತೊಡೆ ಚಿವುಟಿದ್ದು ಇನ್ನೂ ನೆನಪಿದೆ. ಒಮ್ಮೆ ಬೇಡ ಅನ್ನಬೇಕು, ಅವರು ಇನ್ನೊಮ್ಮೆ ಕೇಳಬೇಕು, ಆಗ “ಸರಿ, ಒಂದೇ ಒಂದು ಚೂರು” ಅನ್ನಬೇಕು. ಊರೆಲ್ಲ ಹೀಗೇ ನಡೆದುಕೊಳ್ಳುತ್ತಿತ್ತು.

ಎರಡನೆಯ ಕೇಳಿಕೆಗಾಗಿ ಕಾಯುತ್ತ ನಿಂತೆ. ಅವರು ತಲೆಯಾಡಿಸಿ ಮೇಲೆ ಹೋದರು.

ಆಗಸ್ಟ್‌ನಲ್ಲಿ ಹೂವಿನ ಪ್ರದರ್ಶನಕ್ಕೆ ಕರೆದರು. ನನ್ನ ಬಾಯಿಯಿಂದ ಅದೇ ಮಾತು ಬಂತು. ಅವರು ಹಾಗೇ ಮೇಲೆ ಹೋದರು. ಅಲ್ಲಿಂದ ಮುಂದೆ “ಗುಡ್ ಮಾರ್ನಿಂಗ್” ಬಿಟ್ಟರೆ ಬೇರೆ ಮಾತಿಲ್ಲ.

ನವೆಂಬರಿನಲ್ಲಿ ಗೇಟಿಗೆ ನೋಟಿಸು ಅಂಟಿಸಿದರು. ಶನಿವಾರದಿಂದ ಸಿಗ್ನಲ್ ಬಾಕ್ಸ್ ಬಂದ್, ಯಂತ್ರದ ಗೇಟು ಬರುತ್ತದೆ. ಮಿಸ್ಟರ್ ಮೌನ್ಸಿಗೆ ನಲವತ್ತು ಮೈಲಿ ಆಚೆ ವರ್ಗ.

ಅಡುಗೆಮನೆಯಲ್ಲಿ ಜೊತೆಗಿದ್ದ ಡೊರೀನ್ ಆಲೂಗಡ್ಡೆ ಹೆರೆಯುತ್ತ ಕೇಳಿದಳು. “ನಿನ್ನ ಗೇಟಿನ ದೊರೆ ಹೊರಟನಂತಲ್ಲೇ?”

“ನನಗೇನಂತೆ.”

“ಏನೂ ಇಲ್ಲ ಬಿಡು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೀಯ, ಅಷ್ಟೇ.”

ಅದೇ ವಾರ ಸಂಜೆ ತರಗತಿಯಲ್ಲಿ ನಮ್ಮ ಇಂಗ್ಲಿಷ್ ಟೀಚರ್ ಮಿಸೆಸ್ ಪಾಂಡರ್ ಹೋದ ಮಂಗಳವಾರ ಕೊಟ್ಟಿದ್ದ ಮನೆಗೆಲಸ ಒಪ್ಪಿಸುವುದಿತ್ತು. ಅಂದು ಅವರು ಕಪ್ಪುಹಲಗೆಯ ಮೇಲೆ ಐದು ಮಾತು ಬರೆದಿದ್ದರು. ಆಗದು, ಬಾರದು, ಕೂಡದು, ಬೇಕಿಲ್ಲ, ಒಲ್ಲೆ.

“ವ್ಯಾಕರಣದ ಪುಸ್ತಕದಲ್ಲಿ ಇವೆಲ್ಲ ಮುಚ್ಚಿದ ಬಾಗಿಲುಗಳು,” ಎಂದಿದ್ದರು. “ನಮ್ಮೂರಲ್ಲಿ ಹೇಗೆ ನೋಡಿ. ಒಂದು ವಾರ ಬರೆದಿಡಿ. ಯಾರು ಹೇಳಿದ್ರು, ಏನು ಹೇಳಿದ್ರು, ಆಮೇಲೆ ಏನಾಯ್ತು. ಮೂರನೇ ಕಾಲಂ ಮರೀಬಾರದು.”

ನಾನು ಶ್ರದ್ಧೆಯಿಂದ ಬರೆದಿದ್ದೆ. ಹೇಗಿದ್ದೀರಿ ಅಂದರೆ ಬಸ್ ಡ್ರೈವರ್ “ಗೊಣಗಬಾರದು ಬಿಡಿ” ಅಂದ. ಆಮೇಲೆ ಮೊಣಕಾಲಿನ ಬಗ್ಗೆ ಹತ್ತು ನಿಮಿಷ ಗೊಣಗಿದ. ಮಾಂಸದಂಗಡಿಯವನು “ಇವತ್ತು ಮಳೆ ಬರಲಾರದು” ಅಂದ. ಆಮೇಲೆ ಛತ್ರಿ ತೆಗೆದುಕೊಂಡು ಹೊರಟ. ನಾನು ಉಣ್ಣೆಯ ಕೈಗವಸು ಕೊಟ್ಟಾಗ ಡೊರೀನ್ “ಇದೆಲ್ಲ ತರಬಾರದಿತ್ತು ಕಣೇ” ಅಂದಳು. ಆಮೇಲೆ ಒಲೆಯ ಮುಂದೆಯೂ ಬಿಚ್ಚಲಿಲ್ಲ.

ಸೋಮವಾರ ಸಂಜೆ ನನ್ನದೇ ಮಾತುಗಳನ್ನು ಎಣಿಸಿದೆ. “ನನಗೆಲ್ಲಿ ಆಗುತ್ತೆ” ಅಂತ ಆ ಒಂದು ವಾರದಲ್ಲಿ ಒಂಬತ್ತು ಸಲ ಅಂದಿದ್ದೆ. ಮೂರನೇ ಕಾಲಂನಲ್ಲಿ ಒಂಬತ್ತು ಸಲವೂ ‘ತಿಂದೆ’, ‘ಕುಡಿದೆ’, ‘ಹೋದೆ’ ಎಂದೇ ಇತ್ತು. ಏಕೆಂದರೆ ಒಂಬತ್ತು ಸಲವೂ ಯಾರೋ ಮತ್ತೊಮ್ಮೆ ಕೇಳಿದ್ದರು.

ಪೆನ್ನು ಕೈಯಲ್ಲೇ ಇತ್ತು. ಕೆಳಗೆ ಇನ್ನೆರಡು ಸಾಲು ಬರೆದೆ. ಮೇ, ಚಹಾಕೂಟ. ಆಗಸ್ಟ್, ಹೂವಿನ ಪ್ರದರ್ಶನ. ಮೂರನೇ ಕಾಲಂ ಖಾಲಿ. ಅವರು ಮತ್ತೆ ಕೇಳಿರಲಿಲ್ಲ. ಗಂಟೆ ತಿರುಗಿ ಬಾರದೆ ಗಾಡಿ ಬಿಡಕೂಡದೆಂದು ಇಪ್ಪತ್ತೆರಡು ವರ್ಷ ಬದುಕಿದವರು ಹೇಗೆ ತಾನೇ ಕೇಳಿಯಾರು?

ಮಂಗಳವಾರ ಮಿಸೆಸ್ ಪಾಂಡರ್ ನನ್ನ ಪುಟ ಓದಿ, ಆ ಎರಡು ಖಾಲಿ ಜಾಗದ ಮೇಲೆ ಬೆರಳಿಟ್ಟರು. “ಇದು ಪೂರ್ತಿಯಾಗಿಲ್ಲ, ಮ್ಯೂರಿಯಲ್. ಪೂರ್ತಿ ಮಾಡಿ ತಂದುಕೊಡಿ.”

ಧೈರ್ಯ ಬರಲು ಶುಕ್ರವಾರವಾಯಿತು. ಅಂದು ಇಬ್ಬನಿ ಹೆಪ್ಪುಗಟ್ಟಿ ಗೇಟು ಬೆಳ್ಳಗಿತ್ತು. ಗಾಡಿ ಹೋಯಿತು, ಗೇಟು ತೆರೆಯಿತು. ನಾನು ದಾಟಲಿಲ್ಲ.

ಅವರು ಕಿಟಕಿ ಸರಿಸಿದರು. “ಸೈಕಲ್ ಕೆಟ್ಟಿದೆಯಾ, ಮಿಸ್ ರೆಲ್ಫ್?”

“ಇಲ್ಲ. ನೀವು ಆಗಸ್ಟ್‌ನಲ್ಲಿ ಏನೋ ಕೇಳಿದ್ರಿ.”

ಅವರು ಇಳಿದು ಬಂದರು. ಕೈಯಲ್ಲಿ ಹಳದಿ ಬಟ್ಟೆ. “ಕೇಳಿದ್ದೆ. ನಿಮಗೆ ಆಗಲ್ಲ ಅಂದ್ರಿ.”

“ಇನ್ನೊಂದು ಸಲ ಕೇಳಬಾರದಿತ್ತಾ?”

“ಎರಡು ಸಲ ಕೇಳಿದೆನಲ್ಲ. ಮೇ ತಿಂಗಳಲ್ಲೊಂದು, ಆಗಸ್ಟ್‌ನಲ್ಲೊಂದು.”

“ಅದು ಎರಡು ಸಲ ಅಲ್ಲ! ಎರಡು ಮೊದಲ ಸಲ!”

ಮಾತಿನಲ್ಲಿ ಹೇಳಲಾಗದೆ ನೋಟ್‌ಬುಕ್ ಚಾಚಿದೆ. ಅವರು ನಿಧಾನವಾಗಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. “‘ಡೊರೀನ್. ಕೇಕ್. ಆಗಲ್ಲ ಅಂದೆ. ಎರಡು ತುಂಡು ತಿಂದೆ.’” ಮೀಸೆಯ ತುದಿ ಅಲುಗಿತು. “ಎರಡು ತುಂಡಾ?”

“ಚಿಕ್ಕವು.”

ಕೊನೆಯ ಎರಡು ಸಾಲಿಗೆ ಬಂದಾಗ ಬೆರಳು ನಿಂತಿತು. ಅವರ ಕಣ್ಣು ನನ್ನ ಮುಖಕ್ಕೆ ಬಂತು. ಈ ಸಲ ಗಡಿಯಾರದ ಕಡೆ ತಿರುಗಲಿಲ್ಲ.

“ಹಾಗಾದ್ರೆ ಅವತ್ತು ನೀವು...”

“ಕಾಯ್ತಾ ನಿಂತಿದ್ದೆ.”

“ನಾನು ಮೇಲೆ ಹೋಗಿ ಕಿಟಕೀಲಿ ನೋಡ್ತಾ ನಿಂತಿದ್ದೆ,” ಎಂದರು. ಆಮೇಲೆ ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟರು. “ಭಾನುವಾರ ಚಹಾಕೂಟ ಇಲ್ಲ, ಹೂವೂ ಇಲ್ಲ. ನಮ್ಮಕ್ಕನ ಮನೆಗೆ ಊಟಕ್ಕೆ ಬರ್ತೀರಾ? ನನ್ನ ಜೊತೆ?”

“ಅಯ್ಯೋ, ನನಗೆ...” ಎಂದಿತು ನನ್ನ ಹಾಳು ಬಾಯಿ. ಕೈಯಿಂದ ಮುಚ್ಚಿಕೊಂಡೆ.

ಅವರು ನಕ್ಕರು. ಆ ನಗುವನ್ನು ನಾನು ಮೊದಲ ಸಲ ಕಂಡದ್ದು. ಬೆರಳ ಗೆಣ್ಣಿನಿಂದ ಬಿಳಿಯ ಗೇಟಿನ ಮೇಲೆ ಬಡಿದರು. ಮೂರು ಪೆಟ್ಟು, ಸ್ವಲ್ಪ ಬಿಟ್ಟು ಒಂದು.

ನಾನು ಸೈಕಲ್ಲಿನ ಗಂಟೆ ಹೊಡೆದೆ. ಮೂರು. ಆಮೇಲೆ, ಸ್ವಲ್ಪ ಬಿಟ್ಟು, ಒಂದು.

ಮುಂದಿನ ವಸಂತದಲ್ಲಿ ನಾನು ಮ್ಯೂರಿಯಲ್ ಮೌನ್ಸಿಯಾದೆ. ಎಡ್ಗರ್ ಈಗ ಎಲ್ಲವನ್ನೂ ಎರಡು ಸಲ ಕೇಳುತ್ತಾರೆ, ಚಹಾ ಬೇಕಾ ಅನ್ನುವುದನ್ನೂ. ನಾನು ಮೊದಲ ಸಲಕ್ಕೇ ಹೂಂ ಅನ್ನುವುದನ್ನು ಕಲಿತಿದ್ದೇನೆ, ಹೆಚ್ಚು ಕಡಿಮೆ.

ಮಿಸೆಸ್ ಪಾಂಡರ್‌ಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಪೂರ್ತಿ ಮಾಡಿದ ಪುಟವನ್ನು ಕೊಟ್ಟಾಗ ಅವರು ಕೆಂಪು ಶಾಯಿಯಲ್ಲಿ ‘ಬಹಳ ಚೆನ್ನಾಗಿದೆ’ ಎಂದಷ್ಟೇ ಬರೆದರು. ಅವರ ಪುಟ್ಟ ಹಸಿರು ಕಾರೂ ದಿನ ಬೆಳಿಗ್ಗೆ ಅದೇ ಗೇಟಿನಲ್ಲಿ, ನನ್ನ ಸೈಕಲ್ಲಿನ ಹಿಂದೆ ಕಾಯುತ್ತಿತ್ತೆಂದು ಡೊರೀನ್ ಹೇಳಿದ್ದು ಅವರು ಊರು ಬಿಟ್ಟ ಮೇಲೆ. ಆ ಮನೆಗೆಲಸ ಪಠ್ಯಪುಸ್ತಕದಲ್ಲಿ ಎಲ್ಲೂ ಇಲ್ಲ, ಹುಡುಕಿದ್ದೇನೆ. ನಮ್ಮ ಮುಂದಿನ ವರ್ಷದವರಿಗೆ ಅದನ್ನು ಕೊಡಲೂ ಇಲ್ಲವಂತೆ.

ಇಡೀ ತರಗತಿಗೆ ಕೊಟ್ಟ ಆ ಮನೆಗೆಲಸ ನಿಜಕ್ಕೂ ಎಲ್ಲರಿಗಾಗಿಯೋ, ನನಗೊಬ್ಬಳಿಗಾಗಿಯೋ? ಕೇಳಬೇಕಿತ್ತು, ಕೇಳಲಿಲ್ಲ. ನನಗೆ ಗೊತ್ತಿಲ್ಲ.