ಶನಿವಾರಗಳಲ್ಲಿ ಬೆಳೆದ ಬಾಣ

"ನನ್ನ ಕಣ್ಣು ವಾಸಿಯಾಗ್ತಿದೆ ಕಣೋ," ಎಂದಳು ಜಾಸಿರಾ ಆ ಶನಿವಾರ, ಕಂಪ್ಯೂಟರ್ ಪರದೆಯನ್ನೇ ನೋಡುತ್ತಾ.

ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಎಳೆಯುತ್ತಿದ್ದ ಎವಾಲ್ಡೊನ ಕೈ ನಿಂತಿತು. "ಕಣ್ಣಿಗೇನಾಗಿತ್ತು?"

"ಗ್ಲಾಕೋಮಾ. ಇಲ್ಲಿ ಯಾರಿಗೂ ಹೇಳಿಲ್ಲ. ಗುರುವಾರ ಎಡಗಣ್ಣಿಗೆ ಆಪರೇಷನ್ ಅಂದಿದ್ದಾರೆ. ಮಾರ್ಚ್‌ನಲ್ಲಿ ಈ ಮೌಸಿನ ಬಾಣ ಎಲ್ಲಿದೆ ಅಂತ ಹುಡುಕೋದೇ ಅರ್ಧ ಕೆಲಸ ಆಗಿತ್ತು. ಈಗ ನೋಡು, ಕಣ್ಣು ಹಾಯ್ಸಿದ್ರೆ ಸಾಕು, ಸಿಗುತ್ತೆ. ಸೋಮವಾರ ಫೋನ್ ಮಾಡಿ ಆಪರೇಷನ್ ಬೇಡ ಅಂತೀನಿ."

ಅವಳು ನಗುತ್ತಿದ್ದಳು. ಅವನು ನಗಲಿಲ್ಲ.

"ಏನು, ನನ್ನ ಕಣ್ಣು ಸರಿಹೋದ್ರೆ ನಿನಗೆ ಹೊಟ್ಟೆಯುರಿಯಾ?"

ಪೋರ್ಟೊ ಅಲೆಗ್ರೆ ನಗರದ ಆ ಬಡಾವಣೆ ಪತ್ರಿಕೆಯನ್ನು ಆರು ಜನ ಸೇರಿ ನಡೆಸುತ್ತಿದ್ದರು. ಪುಟ ಕಟ್ಟುವವಳು ಜಾಸಿರಾ. ಕಂಪ್ಯೂಟರುಗಳ ಹೊಣೆ ಎವಾಲ್ಡೊನದು. ಅಲ್ಲಿದ್ದದ್ದೆಲ್ಲ ಲಿನಕ್ಸ್ ಯಂತ್ರಗಳು. ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲಿನ ಆಜ್ಞೆ ಬರೆದರೆ, ತನ್ನ ಮೇಜಿನಿಂದಲೇ ಅವನು ಅವಳ ಪರದೆಯನ್ನು ಬದಲಿಸಬಹುದಿತ್ತು.

"ಈ ಮೌಸ್ ಸರಿಯಿಲ್ಲ," ಎಂದು ಅವಳು ದೂರಿದಾಗ ಅವನು ಎರಡು ಸಲ ಹೊಸದನ್ನು ಹಾಕಿಕೊಟ್ಟಿದ್ದ. ಹಳೆಯವುಗಳಲ್ಲಿ ದೋಷವೇ ಇರಲಿಲ್ಲ. ಆಮೇಲೆ ಅವನು ಮೌಸನ್ನು ಬಿಟ್ಟು ಅವಳ ಕೈಯನ್ನು ಗಮನಿಸಿದ. ಅದು ಮೇಜಿನ ಮೇಲೆ ಸುತ್ತು ಹಾಕುತ್ತಿತ್ತು. ಪರದೆಯ ಹಿನ್ನೆಲೆಯಲ್ಲಿ ಅವಳೇ ತೆಗೆದ ಫೋಟೊ ಇತ್ತು, ಸಂಜೆ ಬಿಸಿಲಿಗೆ ಮಿನುಗುವ ಗ್ವಾಯಿಬಾ ಸರೋವರದ್ದು. ಆ ಮಿನುಗಿನಲ್ಲಿ ಬಿಳಿ ಬಾಣ ಅವಳಿಗೆ ಕಳೆದುಹೋಗುತ್ತಿತ್ತು.

ಮೌಸ್ ಕೆಟ್ಟಿದೆ ಎನ್ನುವವಳಿಗೆ ಕಣ್ಣಿನ ಮಾತೆತ್ತುವುದು ಬೇಡವಾಗಿದೆ ಎಂದು ಅವನಿಗೆ ತೋರಿತು. ಏಪ್ರಿಲ್‌ನಿಂದ ಶನಿವಾರಗಳಂದು, ಅವಳು ಹೊರಟ ಮೇಲೆ, ಅವನು ಒಂದು ಸಾಲು ಬರೆದು ಬಾಣವನ್ನು ಕೊಂಚ ಹಿಗ್ಗಿಸುತ್ತಿದ್ದ. ಇನ್ನೊಂದು ಸಾಲು ಬರೆದು, ಅದೇ ಸರೋವರದ ತುಸು ಕಪ್ಪಗಾದ ಪ್ರತಿಯನ್ನು ಹಿನ್ನೆಲೆಗೆ ಕೂರಿಸುತ್ತಿದ್ದ. ಗೊತ್ತಾಗದಷ್ಟೇ. ಸೋಮವಾರ ಬೆಳಿಗ್ಗೆ ಅವಳ ಕೈ ಸುತ್ತು ಹಾಕದೆ ನೇರ ಹೋಗುವುದನ್ನು ಓರೆಗಣ್ಣಿನಲ್ಲಿ ನೋಡುವುದೇ ಅವನ ವಾರದ ಸುಖವಾಗಿತ್ತು. ಹೇಳಿಕೊಳ್ಳದೆ ಪ್ರೀತಿಸಲು ಇದಕ್ಕಿಂತ ಅಚ್ಚುಕಟ್ಟಾದ ದಾರಿ ಇಲ್ಲ ಎಂದುಕೊಂಡಿದ್ದ.

ಈಗ ಆ ಅಚ್ಚುಕಟ್ಟುತನ ಅವಳ ಕಣ್ಣನ್ನೇ ಕಳೆಯುವುದರಲ್ಲಿತ್ತು.

"ಕೀಬೋರ್ಡ್ ಸ್ವಲ್ಪ ಕೊಡು," ಎಂದ. ಅವಳ ಹೆಗಲ ಮೇಲಿಂದ ಬಾಗಿ ಎರಡು ಸಾಲು ಬರೆದ. ಸರೋವರ ಮೊದಲಿನಂತೆ ಬೆಳಗಿತು, ಬಾಣ ಮೊದಲಿನಷ್ಟೇ ಚಿಕ್ಕದಾಯಿತು. "ಈಗ ಬಾಣ ತೋರ್ಸು."

ಅವಳ ಕೈ ಸುತ್ತಿತು. ಮತ್ತೆ ಸುತ್ತಿತು. ಕೊನೆಗೆ ಅವಳು ಮೌಸನ್ನು ಬಿಟ್ಟು ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಎಲ್ಲಿ ಹೋಯ್ತು?"

"ಅಲ್ಲೇ ಇದೆ. ನಾನು ಅದನ್ನ ದೊಡ್ಡದು ಮಾಡ್ತಾ ಬಂದಿದ್ದೆ. ಫೋಟೊನ ಕಪ್ಪು ಮಾಡಿದ್ದೆ. ನಿನ್ನ ಕಣ್ಣು ವಾಸಿಯಾಗಿಲ್ಲ ಜಾಸಿರಾ."

"ಯಾವಾಗಿಂದ?"

"ಏಪ್ರಿಲ್‌ನಿಂದ."

"ನನ್ನನ್ನ ಒಂದು ಮಾತು ಕೇಳ್ದೆ."

"ಹೌದು."

"ಪಾಪ ಅನ್ನಿಸ್ತಾ?"

"ಇಲ್ಲ."

"ಮತ್ತೇನು?"

ಅವನು ಫ್ಲಾಸ್ಕಿನ ಬಿಸಿನೀರು ಬಗ್ಗಿಸಿ, ಕಹಿ ಶಿಮರಾವ್ ಚಹಾ ತುಂಬಿದ ಸೋರೆಬುರುಡೆಯನ್ನು ಅವಳ ಕೈಗಿತ್ತ. ಅವಳು ಕೊಳವೆಯಿಂದ ಕೊನೆಯ ಗುಟುಕಿನವರೆಗೆ ಹೀರಿ, ಬುರುಡೆಯನ್ನು ಹಿಂದಿರುಗಿಸಿ, "ಥ್ಯಾಂಕ್ಸ್" ಎಂದಳು. ಇನ್ನು ಸಾಕು ಎನ್ನುವವರು ಮಾತ್ರ ಇಲ್ಲಿ ಬುರುಡೆ ಮರಳಿಸುವಾಗ ಆ ಮಾತನ್ನು ಹೇಳುವುದು. ಇಬ್ಬರೂ ಸೇರಿ ಎಷ್ಟೋ ಫ್ಲಾಸ್ಕ್ ಖಾಲಿ ಮಾಡಿದ್ದರು. ಅವಳ ಬಾಯಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು. ಅವಳು ಕೋಟು ಹಾಕಿಕೊಂಡು, ಗೋಡೆ ಸವರುತ್ತಾ ಮೆಟ್ಟಿಲಿಳಿದಳು.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿದಳೋ ಇಲ್ಲವೋ, ಕೇಳುವ ಹಕ್ಕು ತನಗಿದೆ ಎಂದು ಅವನಿಗನ್ನಿಸಲಿಲ್ಲ.

ಬುಧವಾರ ಮಧ್ಯಾಹ್ನ, ಸಂಪಾದಕ ಒಡಿಲೊ ಫೋನಿನಲ್ಲಿ ಯಾರ ಜೊತೆಗೋ ಜಗಳವಾಡುತ್ತಿದ್ದಾಗ, ಅವಳು ಬಂದು ತನ್ನ ಕುರ್ಚಿಯಲ್ಲಿ ಕೂತಳು.

"ಆ ಕಪ್ಪು ಕಿಟಕಿ ತೆಗಿ. ಟೈಪ್ ಮಾಡೋದು ನಾನು. ನೀನು ಬರೀ ಅಕ್ಷರ ಹೇಳು."

ಅವನು ಒಂದೊಂದೇ ಅಕ್ಷರ ಹೇಳಿದ. ಅವಳು ಒಂದೊಂದೇ ಒತ್ತಿದಳು. ಸಾಲಿನ ತುದಿಗೆ ಬಾಣದ ಅಳತೆ ಬರೆಯಬೇಕಿತ್ತು.

"ಎಷ್ಟು?"

"ನಲವತ್ತೆಂಟು ಇಟ್ಟಿದ್ದೆ."

"ನೀನು ಕದ್ದು ಇಟ್ಟಿದ್ದು ಬೇಡ. ದೊಡ್ಡದು ಎಷ್ಟಿದೆ?"

"ತೊಂಬತ್ತಾರು. ಆದ್ರೆ ಬಾಗಿಲಿಂದಾನೂ ಕಾಣುತ್ತೆ. ಎಲ್ಲರೂ ಕೇಳ್ತಾರೆ."

"ಕೇಳ್ಲಿ. ಹೇಳ್ತೀನಿ."

ಅವಳು ಎಂಟರ್ ಒತ್ತಿದಳು. ಸರೋವರದ ಬೆಳಕಿನ ಮೇಲೆ ಹೆಬ್ಬೆರಳಗಲದ ಬಾಣ ಬಂದು ನಿಂತಿತು.

"ಆಪರೇಷನ್?" ಎಂದು ಕೇಳಿಯೇ ಬಿಟ್ಟ.

"ನಾಳೆ ಬೆಳಿಗ್ಗೆ. ಡಾಕ್ಟರನ್ನ ನೋಡ್ಕೊಂಡು ಬಂದೆ. ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಉಳಿಸ್ಬಹುದು ಅಂದ್ರು." ಮೌಸನ್ನು ಬದಿಗೆ ಸರಿಸಿ ಅಂದಳು, "ಶನಿವಾರ ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಬಂದಿಲ್ಲ."

"ಪ್ರೀತಿ," ಎಂದ ಎವಾಲ್ಡೊ, ಕೀಬೋರ್ಡಿಗೆ ಹೇಳಿದಂತೆ.

"ಮತ್ತೆ ಕದ್ದುಮುಚ್ಚಿಯಾ?"

"ನಿನ್ನನ್ನ ಪ್ರೀತಿಸ್ತೀನಿ ಜಾಸಿರಾ," ಎಂದ ಗಂಟಲೆತ್ತಿ. ಒಡಿಲೊ ಫೋನನ್ನು ಕಿವಿಯಿಂದ ಇಳಿಸಿ ನೋಡಿದ.

ಅವಳು ಕುರ್ಚಿಯನ್ನು ಅವನತ್ತ ತಿರುಗಿಸಿಕೊಂಡಳು. ತನಗಿನ್ನೂ ಕಾಣುವ ಜಾಗದ ನಟ್ಟನಡುವೆ ಅವನ ಮುಖ ಬರುವವರೆಗೆ ತಲೆಯನ್ನು ಚೂರುಚೂರೇ ಸರಿಸಿದಳು. ಬಂದ ಮೇಲೆ ಅಲುಗಾಡಲಿಲ್ಲ.