ಎಕ್ಸ್‌ರೇಗೆ ನಿಂತ ಗೀತಾ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲೆ ಸುಬ್ಬಲಕ್ಷ್ಮಿ ಶಿರಸಿ ಠಾಣೆಗೆ ಬಂದು, ಸಬ್ ಇನ್ಸ್‌ಪೆಕ್ಟರ್ ಮಹೇಶ್ವರಿಯ ಮೇಜಿನ ಮೇಲೆ ಎರಡು ಎಕ್ಸ್‌ರೇ ಇಟ್ಟರು.

"ಎರಡೂ ನಮ್ಮ ವಿದ್ಯಾರ್ಥಿನಿ ಗೀತಾಳ ಹೆಸರಲ್ಲಿವೆ. ಇದು ತಿಂಗಳ ಹಿಂದಿನದು, ಎಂತದೂ ದೋಷವಿಲ್ಲ. ಇದು ನಿನ್ನೆಯದು, ಕ್ಷಯ. ತಿಂಗಳೊಳಗೆ ಇಷ್ಟು ಹಬ್ಬಲಿಕ್ಕಿಲ್ಲ ಅಂತಾರೆ ಡಾಕ್ಟರು."

ವಾರ್ಡಿನ ಕಲಿಕೆಗೆ ಹೋಗುವ ಮುನ್ನ ಪ್ರತಿ ವಿದ್ಯಾರ್ಥಿನಿಯೂ ಎದೆಯ ಎಕ್ಸ್‌ರೇ ಕೊಡಬೇಕು. ಗೀತಾ ಕೊಟ್ಟು, ನವಜಾತ ಶಿಶುಗಳ ವಾರ್ಡಿಗೆ ಹೋಗಿದ್ದಳು. ಶನಿವಾರ ಅಲ್ಲೇ ಕೆಮ್ಮಿ ರಕ್ತ ಕಾರಿದಳು. ಈಗ ವಾರ್ಡಿನ ಹಸುಗೂಸುಗಳಿಗೆಲ್ಲ ಮುಂಜಾಗ್ರತೆಯ ಔಷಧ. ಏನು ಪಾಪ ಮಾಡಿದ್ದವು ಆ ಕೂಸುಗಳು! ಮಹೇಶ್ವರಿ ಸಿಟ್ಟಿನಲ್ಲೇ ಎಫ್‌ಐಆರ್ ದಾಖಲಿಸಿದಳು.

ಎಕ್ಸ್‌ರೇ ಕೇಂದ್ರದ ತಂತ್ರಜ್ಞ ತಲೆ ಕೆರೆದುಕೊಂಡ. "ಉಳಿದವರೆಲ್ಲ ಒಟ್ಟಿಗೆ ಬಂದಿದ್ರು ಮೇಡಂ. ಇವಳು ಮಾರನೇ ದಿನ ಒಬ್ಬಳೇ ಬಂದ್ಲು. ಯೂನಿಫಾರ್ಮ್, ಮಾಸ್ಕ್ ಇತ್ತು. ಹೆಸರು ಕೂಗಿದೆ, ಬಂದು ನಿಂತ್ಲು."

"ಗುರುತಿನ ಚೀಟಿ?"

"ಕೇಳ್ಲಿಲ್ಲ."

"ಭಾರೀ ಚೆನ್ನಾಗಿದೆ ನಿಮ್ಮ ಕೆಲಸ!"

ಮಹೇಶ್ವರಿ ಹಳೆಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದಳು. ಕುತ್ತಿಗೆಯ ಕೆಳಗೆ, ಬೆನ್ನೆಲುಬಿನ ನೇರಕ್ಕೆ, ಎರಡು ದುಂಡನೆಯ ಬಿಳಿ ಗುರುತು.

"ಏನಿದು?"

"ಲೋಹ. ಸರ ತೆಗೀರಿ ಅಂದಿದ್ದೆ. ಶ್ವಾಸಕೋಶಕ್ಕೆ ಅಡ್ಡ ಬರಲಿಲ್ಲ ಅಂತ ಬಿಟ್ಟೆ."

ಮಹೇಶ್ವರಿಯ ಕೈ ತನ್ನ ಕೊರಳಿನ ತಾಳಿಗೆ ಹೋಯಿತು. ಅವೇ ಎರಡು ಬಟ್ಟಲು.

ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ ಗೀತಾ ಕಡ್ಡಿಯಂತೆ ಮಲಗಿದ್ದಳು.

"ಎಕ್ಸ್‌ರೇಗೆ ಹೋದದ್ದು ಯಾರು?"

"ನಾನ ಹೋಗಿದ್ದೆ ರೀ."

"ನಿನಗೆ ಮದುವೆ ಆಗಿದೆಯಾ?"

"ಇಲ್ರಿ."

"ಹಾಗಾದ್ರೆ ಎಕ್ಸ್‌ರೇಯಲ್ಲಿರೋ ಈ ತಾಳಿ ಯಾರದ್ದು?"

ಹುಡುಗಿ ಬಿಕ್ಕಿದಳು. "ನಮ್ಮಕ್ಕಗ ಏನೂ ಮಾಡಬ್ಯಾಡ್ರಿ."

ಸಂಜೆ ನಾಲ್ಕಕ್ಕೆ ಜೀಪು ಬನವಾಸಿ ಕಡೆಯ ಹಳ್ಳಿ ಮುಟ್ಟಿತು. ಅಕ್ಕ ಗುರುಶಾಂತವ್ವ ತಾನೇ ಹೋಗಿದ್ದೆಂದು ಒಪ್ಪಿಕೊಂಡಳು.

"ಲೋಹ ತೆಗಿ ಅಂದಿದ್ರಲ್ಲ?"

"ಗಂಡ ಇದ್ದಾಕಿ, ತಾಳಿ ಹೆಂಗ ತೆಗೀಲ್ರಿ? ಬೆನ್ನಿಗೆ ಸರಿಸಿಕೊಂಡೆ. ಎದಿ ಫೋಟೋದಾಗ ಬೆನ್ನು ಕಾಣತೈತಿ ಅಂತ ನನಗೇನು ಗೊತ್ತು?"

"ಯಾಕೆ ಮಾಡಿದೆ?"

"ಕೆಮ್ಮು ನೋಡಿ ನನಗ ಅಂಜಿಕಿ ಬಂದಿತ್ರಿ. ಕಾಲೇಜು ತಪ್ಪಿದ್ರ ಮದುವಿ ಮಾಡ್ತೀನಿ ಅಂದಿದ್ದ ಅಪ್ಪ. ನನ್ನೂ ಹಂಗ ಕಾಲೇಜು ಬಿಡಿಸಿ ಕೊಟ್ಟಾನ."

"ಆ ಕೂಸುಗಳ ನೆನಪು ಬರಲಿಲ್ವಾ?"

"ಬಂತ್ರಿ. ತಂಗಿ ಮಾರಿ ಅದಕ್ಕಿಂತ ಮೊದಲ ಕಣ್ಣ ಮುಂದ ಬಂತು."

"ಕೆಲವು ವಾರ ಗುಳಿಗೆ ತಗೊಂಡು, ಡಾಕ್ಟರು ಹೂಂ ಅಂದ ಮೇಲೆ ಮತ್ತೆ ಕ್ಲಾಸಿಗೆ ಹೋಗಬಹುದಿತ್ತು. ಸೀಟು ಎಲ್ಲಿಗೂ ಹೋಗ್ತಿರಲಿಲ್ಲ."

"ಯಾರೂ ಹೇಳಲಿಲ್ಲಲ್ರಿ ನಮಗ."

ಸಾಕ್ಷ್ಯವೆಂದು ತಾಳಿ ಜಪ್ತಿಯಾಗಬೇಕು. ಪಂಚರಿಬ್ಬರು ಬಂದು ನಿಂತರು. ಪಂಚನಾಮೆ ಬರೆಯಬೇಕಾದ ಕಾನ್‌ಸ್ಟೇಬಲ್ ಶಂಭುಲಿಂಗ ಮುಖ ಆಚೆ ತಿರುಗಿಸಿದ. ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಹೋಗಿ, ದಾರಕ್ಕೆ ಅರಿಷಿಣದ ಕೊಂಬು ಪೋಣಿಸಿ ತಂದು ಸೊಸೆಯ ಕೊರಳಿಗೆ ಕಟ್ಟಿದಳು. ಆಮೇಲೆ ಗುರುಶಾಂತವ್ವ ತಾಳಿಯನ್ನು ತಾನೇ ತೆಗೆದು ಕೊಟ್ಟಳು.

"ಇದು ಆವತ್ತು ನನಗ ಹೊಳೀಲಿಲ್ಲ ನೋಡ್ರಿ," ಅಂದಳು ಕೊಂಬು ಮುಟ್ಟಿಕೊಂಡು.

ಐದು ಗಂಟೆಗೆ ಬಂಧನ. ಜೀಪು ಶಿರಸಿ ಸಮೀಪಿಸಿದಾಗ ಗುರುಶಾಂತವ್ವ ಕೊಂಬನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು:

"ಗೀತಾ ಗುಳಿಗಿ ನುಂಗಿದಳೇನ್ರಿ?"

ಮಹೇಶ್ವರಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಹಿಂದೆ ತಿರುಗಿ, "ನುಂಗಿದ್ದಾಳೆ," ಎಂದಳು.