ಜೌಗಿನ ಮೇಲಿನ ಹಾದಿ

ಸಂಜೆ ಐದರೊಳಗೆ ಹತ್ತೊಂಬತ್ತು ಕಿಲೋಮೀಟರು. ಕೆಲಸ ಇಷ್ಟೇ. ಟಾನ್‌ಗ್ರುಂಡ್ ಹಳ್ಳಿಯ ಶೆಡ್ಡಿನಿಂದ ಹೊರಟು, ಕಾಡು ಹತ್ತಿ, ಹೆಪ್ಪುಗಟ್ಟಿದ ಒಂದು ಜೌಗು ದಾಟಿ, ಮೇಲಿನ ಹೋಖ್‌ಬ್ರುನ್ ಹಳ್ಳಿ ಸೇರಬೇಕು. ಎರಡು ಸ್ನೋಮೊಬೈಲು, ಮೂವರು ಜನ. ಇಡೀ ಹಾದಿಯಲ್ಲಿ ಗಾಡಿ ಓಡಿಸಿ ನೋಡಿದ್ದೇವೆ, ಪ್ರವಾಸಿಗರನ್ನು ಬಿಡಬಹುದು ಎಂದು ಅಲ್ಲಿನ ಪಂಚಾಯ್ತಿಗೆ ಇವತ್ತೇ ಬರೆದುಕೊಡಬೇಕು. ನಾಳೆ ಬರೆದುಕೊಟ್ಟರೆ ಆಗುವುದಿಲ್ಲ. ಜರ್ಮನಿಯಲ್ಲಿ ದೇವರು ತಡಮಾಡಿಯಾನು, ಗಡುವು ತಡಮಾಡದು.

ಈ ಹಾದಿ ಬೇಕಾಗಿದ್ದದ್ದು ಗೆರ್ಲಿಂಡೆಗೆ. ಅರವತ್ತೊಂದು ವರ್ಷದ ಗಟ್ಟಿ ಹೆಂಗಸು. ಅವಳ ಶೆಡ್ಡಿನಲ್ಲಿ ಬಾಡಿಗೆಗೆ ಕೊಡುವ ಆರು ಸ್ನೋಮೊಬೈಲುಗಳಿದ್ದವು. ಆದರೆ ಕೆಳಗಿನ ಕಣಿವೆಯ ಹಳೆಯ ಹಾದಿಯಲ್ಲಿ ಮೂರು ಚಳಿಗಾಲದಿಂದ ಹಿಮವೇ ನಿಲ್ಲುತ್ತಿರಲಿಲ್ಲ. ಜನವರಿಯಲ್ಲಿ ಮಳೆ, ಹಾದಿಯ ತುಂಬ ಕೆಸರು. ಕೆಸರಿನಲ್ಲಿ ಓಡಿಸಲು ಸ್ನೋಮೊಬೈಲು ಕೇಳುವ ಪುಣ್ಯಾತ್ಮ ಯಾರು? ಹಿಮ ಇನ್ನೂ ಉಳಿದಿದ್ದದ್ದು ಮೇಲುಗಾಡಿನಲ್ಲಿ. ಅಲ್ಲಿಗೆ ಹಾದಿ ಬೆಳೆದರೆ ಶೆಡ್ಡು ಉಳಿಯುತ್ತದೆ. ಇಲ್ಲದಿದ್ದರೆ ಎಲ್ಲ ಮಾರಿ ಮ್ಯಾನ್‌ಹೈಮಿನ ತಂಗಿಯ ಮನೆಗೆ ಹೋಗಿ, ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂರಬೇಕು. ಅದನ್ನು ಹೇಳುವಾಗ ಅವಳ ಮುಖ ಹುಳಿ ತಿಂದಂತಾಗುತ್ತಿತ್ತು.

ಜೊತೆಗೆ ಬಂದವರಿಬ್ಬರೂ ನ್ಯೂರೆಂಬರ್ಗಿನ ಒಂದು ಸಣ್ಣ ಸರ್ವೆ ಕಂಪನಿಯವರು. ಮೈಸೂರಿನ ನಿಶ್ಚಿತಾ ನಕಾಶೆಯ ಎಂಜಿನಿಯರ್, ಈ ಹಾದಿಯನ್ನು ಕಂಪ್ಯೂಟರಿನಲ್ಲಿ ಎಳೆದವಳು. ಬೈಲಹೊಂಗಲದ ದುಂಡಪ್ಪ ವಾಹನ ಪರೀಕ್ಷೆಯ ಎಂಜಿನಿಯರ್. ನಲವತ್ತಾರು ವರ್ಷ, ಮಾತು ಜಾಸ್ತಿ, ಆದರೆ ಸ್ಟಿಯರಿಂಗ್ ಹಿಡಿದಾಗ ಎಚ್ಚರ ಅದಕ್ಕಿಂತ ಜಾಸ್ತಿ.

"ದುಂಡಪ್ಪ ಸರ್, ಸ್ಪೀಡ್ ಮೂವತ್ತರ ಮೇಲೆ ಬೇಡ. ರೀಡಿಂಗ್ ಮಿಸ್ ಆಗತ್ತೆ," ಎಂದಳು ನಿಶ್ಚಿತಾ.

"ನಾ ಇಪ್ಪತ್ತೈದರ ಮ್ಯಾಲ ಹೋಗಂಗಿಲ್ಲವಾ ತಂಗಿ. ಚಿಂತಿ ಬಿಡು."

ಎಂಟೂವರೆಗೆ ಹೊರಟರು. ದುಂಡಪ್ಪ ಒಬ್ಬನೇ ಒಂದು ಗಾಡಿಯಲ್ಲಿ, ಅಳತೆಯ ಯಂತ್ರ, ವೈರ್‌ಲೆಸ್, ಬಿಡಿಭಾಗಗಳ ಪೆಟ್ಟಿಗೆ ಎಲ್ಲ ಹೇರಿಕೊಂಡು. ಗೆರ್ಲಿಂಡೆಯ ಬೆನ್ನ ಹಿಂದೆ ನಿಶ್ಚಿತಾ.

ಸ್ಪ್ರೂಸ್ ಮರಗಳ ಕಾಡು ಹಾದಿಯ ಎರಡೂ ಕಡೆ ಒತ್ತಾಗಿ ನಿಂತಿತ್ತು. ಅರ್ಧ ಕಾಡು ಸತ್ತಿತ್ತು. ತೊಗಟೆ ಕೊರೆಯುವ ಹುಳು ತಿಂದು ಹಾಕಿದ ಮರಗಳು ಎಲೆಯಿಲ್ಲದೆ, ಸಿಪ್ಪೆ ಸುಲಿದು, ಬೂದು ಬಣ್ಣಕ್ಕೆ ತಿರುಗಿದ್ದವು. ಅವುಗಳ ನಡುವೆ ಬೆಳಕು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ. ಆಕಾಶವೂ ಬೂದು, ನೆಲವೂ ಬೂದು. ಹಕ್ಕಿಯ ಸದ್ದಿಲ್ಲ. ಎಂಜಿನ್ನಿನ ಗುರುಗುಟ್ಟುವಿಕೆ ಕಾಡಿನೊಳಗೆ ಹೋಗಿ ಅಲ್ಲೇ ಇಂಗಿಹೋಗುತ್ತಿತ್ತು. ಇಂಥ ಕಡೆ ರಜೆ ಕಳೆಯಲು ಜನ ಬರುತ್ತಾರೆಯೇ ಎಂದು ನಿಶ್ಚಿತಾಗೆ ಮೊದಲ ಸಲ ಅನುಮಾನ ಬಂತು. ಆದರೆ ಮುಂದೆ ಕೂತ ಗೆರ್ಲಿಂಡೆಯ ನೆಟ್ಟಗಿನ ಬೆನ್ನು ನೋಡಿ ಆ ಅನುಮಾನವನ್ನು ಪಕ್ಕಕ್ಕಿಟ್ಟಳು.

ಹದಿಮೂರನೇ ಕಿಲೋಮೀಟರಿಗೆ ಜೌಗು ಬಂತು. ದಂಡೆಯಲ್ಲಿ ಗೆರ್ಲಿಂಡೆ ಗಾಡಿ ನಿಲ್ಲಿಸಿ ಐಸಿಗೆ ರಂಧ್ರ ಕೊರೆದಳು.

"ಹದಿನೇಳು ಸೆಂಟಿಮೀಟರ್. ಹದಿನೈದಿದ್ದರೆ ಸಾಕು. ಕಳೆದ ವಾರವೇ ದಾರಿ ಗುರುತು ಹಾಕಿದ್ದೇನೆ," ಎಂದಳು. ಅವಳ ದನಿಯಲ್ಲಿ ಬೆಳಗಿನಿಂದ ಇಲ್ಲದ ಹುರುಪಿತ್ತು.

ಅವರು ಅಳತೆ ಬರೆದುಕೊಳ್ಳುತ್ತಿದ್ದಾಗ ದುಂಡಪ್ಪ ನಿಧಾನವಾಗಿ ಮುಂದೆ ಹೋಗಿದ್ದ. ಮಂಜು ಕವಿದಿತ್ತು. ಹತ್ತು ಮಾರು ದೂರದಲ್ಲಿ, ಹಾದಿಯ ನಟ್ಟನಡುವೆ, ಒಂದು ಹಸಿರು ಟೊಂಗೆ ಹಿಮದಿಂದ ತಲೆಯೆತ್ತಿ ನಿಂತದ್ದು ಅವನಿಗೆ ಕಂಡಿತು.

ಹುಬ್ಬಳ್ಳಿ ರಸ್ತೆಯಲ್ಲಿ ಸೋದರಮಾವನ ಲಾರಿಯ ಕ್ಯಾಬಿನ್ನಿನಲ್ಲಿ ಬೆಳೆದವನು ಅವನು. ರಸ್ತೆಯ ಮೇಲೆ ಹಸಿರು ಟೊಂಗೆ ಕಂಡರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಎಂದರ್ಥ. ಪಕ್ಕಕ್ಕೆ ಸರಿದು ಹೋಗಬೇಕು. ಅವನೇ ಎಷ್ಟು ಸಲ ಬೇವಿನ ಟೊಂಗೆ ಮುರಿದು ಲಾರಿಯ ಹಿಂದೆ ಇಟ್ಟಿಲ್ಲ! ಯೋಚಿಸಲು ಏನೂ ಇರಲಿಲ್ಲ. ವೇಗ ತಗ್ಗಿಸಿದ. ಹ್ಯಾಂಡಲ್ ಎಡಕ್ಕೆ ತಿರುಗಿಸಿದ. ಎಚ್ಚರದಿಂದಲೇ ಸುತ್ತಿ ಹೊರಟ.

"ಬೇಡ! ಟೊಂಗೆ ಬಿಟ್ಟು ಹೋಗಬೇಡ!" ಗೆರ್ಲಿಂಡೆ ಕೂಗಿದಳು.

ಅವನಿಗೆ ಕೇಳಲಿಲ್ಲ.

ಐಸು ಲಟಕ್ಕೆಂದಿತು. ಗಾಡಿಯ ಮೂತಿ ಕೆಳಗಿಳಿಯಿತು. ಕಪ್ಪು ನೀರು ಚಿಮ್ಮಿತು. ಒಂದು ಕ್ಷಣ ಹಿಂದಿನ ಕೆಂಪು ದೀಪ ನೀರಿನೊಳಗಿಂದ ಹೊಳೆಯಿತು, ಆಮೇಲೆ ಅದೂ ಇಲ್ಲ.

ದುಂಡಪ್ಪನ ತಲೆ ಮೇಲೆ ಬಂತು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ.

ನಿಶ್ಚಿತಾ ಓಡಿದಳು. ಗೆರ್ಲಿಂಡೆ ಅವಳ ಜಾಕೆಟ್ಟು ಹಿಡಿದು ಕೆಡವಿದಳು.

"ಮಲಗು! ಹೊಟ್ಟೆಯ ಮೇಲೆ! ನೀನೇ ಹಗುರ, ಹಗ್ಗ ನೀನೇ ಒಯ್ಯಬೇಕು."

ನಿಶ್ಚಿತಾ ತೆವಳಿದಳು. ಮೊಣಕೈ, ಮೊಣಕಾಲು, ಮತ್ತೆ ಮೊಣಕೈ. ಕೆಳಗೆ ಐಸು ಗೊಣಗುತ್ತಿತ್ತು. ನಾಲ್ಕಡಿ ದೂರದಿಂದ ಹಗ್ಗದ ಕುಣಿಕೆ ಎಸೆದಳು.

"ಸರ್, ಹಿಡ್ಕೊಳ್ಳಿ!"

"ಕೈ... ಮಡಚವಲ್ವು..."

"ಕೈ ಬೇಡ! ತಲೆ ತೂರಿಸಿ! ಒಂದು ತೋಳು ಒಳಗೆ ಹಾಕಿ, ಈಗ ಇನ್ನೊಂದು! ಕಾಲು ಬಡೀರಿ ಸರ್, ಈಜೋ ಹಾಗೆ!"

ಹಗ್ಗದ ಇನ್ನೊಂದು ತುದಿಯನ್ನು ಗೆರ್ಲಿಂಡೆ ತನ್ನ ಗಾಡಿಗೆ ಕಟ್ಟಿದ್ದಳು. ಎಂಜಿನ್ ನರಳಿತು. ಅಂಚಿನ ಐಸು ಮುರಿಯಿತು, ಮತ್ತೆ ಮುರಿಯಿತು, ಮೂರನೇ ಸಲ ತಡೆಯಿತು. ದುಂಡಪ್ಪ ಎದೆಯ ಮೇಲೆ ಜಾರುತ್ತ ಹೊರಬಂದ. ಅದೇ ಹೊತ್ತಿಗೆ ಸುಟ್ಟ ರಬ್ಬರಿನ ವಾಸನೆ ಎದ್ದಿತು. ಗಾಡಿಯ ಬೆಲ್ಟು ಕಿತ್ತುಹೋಗಿತ್ತು. ಇನ್ನೊಂದು ಬೆಲ್ಟು ಮುಳುಗಿದ ಗಾಡಿಯ ಪೆಟ್ಟಿಗೆಯಲ್ಲಿತ್ತು. ವೈರ್‌ಲೆಸ್ಸೂ ಅಲ್ಲೇ.

ಏಳುನೂರು ಮೀಟರು ದೂರದಲ್ಲಿ ಬೇಟೆಗಾರರ ಗುಡಿಸಲೊಂದಿತ್ತು. ಇಬ್ಬರು ಹೆಂಗಸರು ಅವನನ್ನು ನಡೆಸಿದರು, ಎಳೆದರು, ಬೈದರು. ಅವನು ಕೂರುತ್ತೇನೆ ಎಂದಾಗಲೆಲ್ಲ ಗೆರ್ಲಿಂಡೆ ಕೆನ್ನೆಗೆ ಒಂದು ಕೊಟ್ಟಳು.

ಒಲೆ ಹೊತ್ತಿತು. ಒದ್ದೆ ಬಟ್ಟೆ ಬಿಚ್ಚಿ, ಗುಡಿಸಲಿನಲ್ಲಿದ್ದ ಹಳೆಯ ಉಣ್ಣೆಯ ಕೋಟು, ಎರಡು ಕಂಬಳಿ ಸುತ್ತಿದರು. ಅರ್ಧ ಗಂಟೆಯಾದ ಮೇಲೆ ಅವನ ಹಲ್ಲು ಕಟಕಟಿಸುವುದು ನಿಂತು ಮಾತು ಬಂತು.

"ಮುಂದ ಗಾಡಿ ಕೆಟ್ಟೈತಿ ಅಂದ್ಕೊಂಡ್ನಿ. ನಮ್ಮ ಕಡೆ ಟೊಂಗಿ ಕಂಡ್ರ ಬಾಜೂಕ ಹೊಡೀತೀವಲ್ಲ?"

ನಿಶ್ಚಿತಾ ಅದನ್ನು ಜರ್ಮನಿನಲ್ಲಿ ಹೇಳಿದಳು. ಗೆರ್ಲಿಂಡೆ ಒಲೆಗೆ ಇನ್ನೊಂದು ಸೌದೆ ತುರುಕಿದಳು.

"ಇಲ್ಲಿ ಟೊಂಗೆ ನೆಟ್ಟರೆ ಅದಕ್ಕೆ ಅಂಟಿಕೊಂಡು ಹೋಗು ಎಂದರ್ಥ. ಉಳಿದವೆಲ್ಲ ಹೊಸ ಹಿಮದಲ್ಲಿ ಮುಚ್ಚಿಹೋಗಿರಬೇಕು. ಪಕ್ಕದಲ್ಲಿ ಬುಗ್ಗೆಗಳಿವೆ, ಅಲ್ಲಿ ಐಸು ದಪ್ಪವಾಗುವುದೇ ಇಲ್ಲ. ಟೊಂಗೆಯ ಅರ್ಥವನ್ನೂ ಬಿಡಿಸಿ ಹೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ."

"ಜೌಗಿನಲ್ಲಿ ಗುರುತು ಬಿಟ್ಟು ಸರಿಯಬೇಡಿ ಎಂದು ಬೆಳಿಗ್ಗೆ ನನಗೆ ಹೇಳಿದ್ದಿರಿ. ನಾನು ಇವರಿಗೆ ದಾಟಿಸಲಿಲ್ಲ," ಎಂದಳು ನಿಶ್ಚಿತಾ. ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸೌದೆ ಇನ್ನೆರಡು ತಾಸಿಗೆ ಆಗುವಷ್ಟೇ ಇತ್ತು. ಗಾಳಿ ಏಳುತ್ತಿತ್ತು. ಆ ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹೋಖ್‌ಬ್ರುನ್ ಹತ್ತಿರ ಬಂದರಷ್ಟೇ ಸಿಗುತ್ತದೆ. ಜೌಗು ಬಿಟ್ಟು, ದಿಬ್ಬದ ಬೆನ್ನ ಮೇಲೆ ಹಿಂದೆ ಮರದ ದಿಮ್ಮಿ ಎಳೆಯುತ್ತಿದ್ದ ಹಳೆಯ ಜಾಡೊಂದಿತ್ತು. ಆರೇಳು ಕಿಲೋಮೀಟರು. ಮೂವತ್ತು ವರ್ಷದಿಂದ ಯಾರೂ ಅಲ್ಲಿ ಗಾಡಿ ಓಡಿಸಿರಲಿಲ್ಲ.

"ನನ್ನ ಫೋನಲ್ಲಿ ಹದಿನೆಂಟು ಪರ್ಸೆಂಟ್ ಇದೆ. ಆ ಜಾಡನ್ನ ರೆಕಾರ್ಡ್ ಮಾಡಲಾ? ಮುಂದೆ ನಿಮಗೆ ಬೇಕಾಗಬಹುದು," ಎಂದಳು ನಿಶ್ಚಿತಾ.

"ಆರಿಸಿ ಒಳಗಿಡು," ಎಂದಳು ಗೆರ್ಲಿಂಡೆ. "ಇವನು ನಡುವೆ ಕುಸಿದರೆ, ಸಿಗ್ನಲ್ ಇರುವ ಜಾಗಕ್ಕೆ ಓಡಿ ಕರೆಯಬೇಕು."

ಒಂದೂವರೆಗೆ ಹೊರಟರು. ದುಂಡಪ್ಪನ ಕಾಲಿಗೆ ಕಂಬಳಿಯ ತುಂಡು, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಒದ್ದೆ ಬೂಟು. ಗಾಳಿ ಎದುರಿನಿಂದ ಬಡಿಯಿತು. ಮೊಣಕಾಲುದ್ದ ಹಿಮ. ಬಿದ್ದ ಮರಗಳನ್ನು ದಾಟಿದರು, ಕೆಲವೊಮ್ಮೆ ಅಡಿಯಲ್ಲಿ ನುಸುಳಿದರು. ಎರಡು ಕಡೆ ದುಂಡಪ್ಪ ಕುಕ್ಕರಿಸಿದ.

"ನನ್ನ ಬಿಟ್ಟು ನಡೀರಿ, ಆಮ್ಯಾಲ ಬರ್ತೀನಿ."

"ಎದ್ದೇಳಿ ಸರ್. ಮನೆಗೆ ಹೋಗಿ ಸಿದ್ದಕ್ಕ ಅವರಿಗೆ ನಾನೇನು ಹೇಳಲಿ?"

ಹೆಂಡತಿಯ ಹೆಸರು ಕೇಳಿದ್ದೇ ಅವನು ಎದ್ದ. ಪ್ರೀತಿಯೋ ಭಯವೋ, ಅವನೇ ಬಲ್ಲ.

ನಿಶ್ಚಿತಾ ಸುಮ್ಮನೆ ನಡೆಯಲಿಲ್ಲ. ಹೆಜ್ಜೆ ಎಣಿಸಿದಳು. ನೂರಕ್ಕೊಮ್ಮೆ ನಿಂತು ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀರು ಹಾಕಿದಳು. ಏರು, ಇಳಿಜಾರು, ಅಡ್ಡಬಿದ್ದ ಮರ, ತಿರುವು. ಬೆರಳು ಸೆಟೆದು ಅಕ್ಷರ ಕಾಗೆಕಾಲಿನಂತಾಯಿತು. ಆದರೂ ಬರೆದಳು. ತನ್ನ ತಪ್ಪಿಗೆ ಅಷ್ಟಾದರೂ ಮಾಡದಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಹೋಖ್‌ಬ್ರುನ್ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಹಳ್ಳಿಯ ಅಗ್ನಿಶಾಮಕ ಕೊಠಡಿಯಲ್ಲಿ ಗೆಮೈಂಡೆಯ ಕಾರ್ಯದರ್ಶಿ ಫಾರಂ ಹಿಡಿದು ಕಾಯುತ್ತಿದ್ದ. ಹಳ್ಳಿಗಳ ಪಂಚಾಯ್ತಿಯ ಆ ಮನುಷ್ಯ ಕೆಟ್ಟವನಲ್ಲ. ದುಂಡಪ್ಪನಿಗೆ ಬಿಸಿನೀರು ತರಿಸಿದ, ಡಾಕ್ಟರಿಗೆ ಫೋನು ಮಾಡಿದ, ನಡೆದದ್ದನ್ನೆಲ್ಲ ಕೇಳಿದ. ಆಮೇಲೆ ದನಿ ತಗ್ಗಿಸಿದ.

"ಗೆರ್ಲಿಂಡೆ, ನೀನು ಗುರುತು ಹಾಕಿದ ಕಡೆ ಐಸು ಹದಿನೇಳು ಇತ್ತಲ್ಲ? ಅಂದರೆ ಹಾದಿ ಸರಿಯಾಗಿಯೇ ಇದೆ. ಇವರು ಹೊರಗಿನವರು, ದಾರಿ ತಪ್ಪಿದರು. ನಮ್ಮವರಿಗೆ ಯಾರಿಗೂ ಹೀಗಾಗುತ್ತಿರಲಿಲ್ಲ. ಸುರಕ್ಷಿತ ಎಂದು ಗುರುತು ಮಾಡು. ಇಲ್ಲದಿದ್ದರೆ ಈ ವರ್ಷದ ಅರ್ಜಿ ಸತ್ತಂತೆ."

ನಿಶ್ಚಿತಾಗೆ ಮಾತಾಡಬೇಕೆನಿಸಿತು. ಆದರೆ ಬದುಕು ಪಣಕ್ಕಿದ್ದದ್ದು ಗೆರ್ಲಿಂಡೆಯದು.

ಗೆರ್ಲಿಂಡೆ ದುಂಡಪ್ಪನನ್ನು ನೋಡಿದಳು. ಬಕೆಟ್ಟಿನಲ್ಲಿ ಕಾಲಿಟ್ಟು, ಬೇಟೆಗಾರನ ಕೋಟಿನಲ್ಲಿ ಮುದುಡಿ ಕೂತಿದ್ದ.

"ನಮ್ಮವರಿಗಾಗಿ ನಾನು ಹಾದಿ ಕೇಳಿದ್ದೆನೆ?" ಎಂದಳು ಮೆಲ್ಲಗೆ. "ಬರಬೇಕಾದವರೆಲ್ಲ ಹೊರಗಿನವರೇ. ಇವನಷ್ಟು ನಿಧಾನವಾಗಿ ಓಡಿಸುವವನನ್ನು ನಾನು ಕಂಡಿಲ್ಲ. ಇವನೇ ಬಿದ್ದ."

ಪೆನ್ನು ತೆಗೆದುಕೊಂಡು 'ಸುರಕ್ಷಿತವಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದಳು. ಗಡಿಯಾರ ಐದು ತೋರಿಸುತ್ತಿತ್ತು. ಸಹಿ ಮಾಡುವಾಗ ಅವಳ ಕಣ್ಣು ತುಂಬಿತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ನಿಶ್ಚಿತಾ ಪುಸ್ತಕವನ್ನು ಅವಳ ಮುಂದಿಟ್ಟಳು. ಒಂಬತ್ತು ಸಾವಿರದ ನಾನೂರು ಹೆಜ್ಜೆ, ಹದಿನಾಲ್ಕು ತಿರುವು, ಮೂವತ್ತೊಂದು ಅಡ್ಡಬಿದ್ದ ಮರ.

"ದಿಬ್ಬದ ಮೇಲೆ ಎಲ್ಲೂ ನೀರಿಲ್ಲ. ಏರೂ ಗಾಡಿ ಹತ್ತೋ ಅಷ್ಟೇ ಇದೆ. ಮರ ತೆಗೆದ್ರೆ ಹಾದಿ ಆಗತ್ತೆ."

ಗೆರ್ಲಿಂಡೆ ಕಾಗೆಕಾಲಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಹೊಸ ಅರ್ಜಿ ಯಾವಾಗ?" ಎಂದು ಕಾರ್ಯದರ್ಶಿಯನ್ನು ಕೇಳಿದಳು.

"ಏಪ್ರಿಲ್. ಆದರೆ ಮುಂದಿನ ವರ್ಷ ಅಲ್ಲೂ ಹಿಮ ಬೀಳುತ್ತದೆ ಎಂದು ಯಾರು ಹೇಳಬೇಕು?"

"ಯಾರೂ ಹೇಳಲಾರರು," ಎಂದಳು ಅವಳು. ಕೋಟಿನ ಗುಂಡಿ ಹಾಕಿಕೊಂಡು, ಮೊದಲು ಮ್ಯಾನ್‌ಹೈಮಿನ ತಂಗಿಗೆ ಫೋನು ಮಾಡಿ, ಈ ವರ್ಷ ಬರುವುದಿಲ್ಲ ಎಂದಳು. ಆಮೇಲೆ ಮರ ಕೊಯ್ಯುವವನಿಗೆ ಮಾಡಿದಳು.